ನಡುವೆ ಬಿಟ್ಟ ಗುಳಿಗೆ

ಅಂಗಡಿಯವನು ಇಳಕಲ್ ಸೀರೆಯೊಂದನ್ನು ಝಾಡಿಸಿ ಗಾದಿಯ ಮೇಲೆ ಹಾಸಿದ. ಶಿವಬಸಮ್ಮನ ಎದೆ ಧಸಕ್ಕೆಂದಿತು. ಸೀರೆಗೆ ಹೆದರುವ ಹೆಣ್ಣನ್ನು ಯಾರಾದರೂ ಕಂಡಿದ್ದೀರೇನು? ಅವತ್ತು ಕೊಪ್ಪಳದ ಬಜಾರಿನಲ್ಲಿ ಒಬ್ಬಳು ಕೂತಿದ್ದಳು ನೋಡಿ, ಅದೂ ತನ್ನದೇ ಮದುವೆಯ ಜವಳಿಗೆ ಬಂದವಳು.

ಎಂಬತ್ತನಾಲ್ಕರ ಬೇಸಿಗೆ. ಕುಷ್ಟಗಿಯಿಂದ ಹೆಣ್ಣಿನವರು, ಯಲಬುರ್ಗಾದಿಂದ ಗಂಡಿನವರು, ಬೇರೆ ಬೇರೆ ಬಸ್ಸಿನಲ್ಲಿ ಬಂದು ಒಂದೇ ಗಾದಿಯ ಮೇಲೆ ಒತ್ತಿ ಕೂತಿದ್ದರು. ಹೆಂಗಸರು ಅಂಚು ಹಿಡಿದು, ಸೆರಗು ಹಿಡಿದು, ಬಣ್ಣ ಬಿಡ್ತೈತೇನು ಅಂತ ಕೇಳಿ ಕೇಳಿ ಅಂಗಡಿಯವನ ಜೀವ ತಿನ್ನುತ್ತಿದ್ದರು. ಮದುಮಗ ಕೊಟ್ರಪ್ಪ, ಯಲಬುರ್ಗಾದ ಕೆ.ಇ.ಬಿ.ಯಲ್ಲಿ ಲೈನ್‌ಮನ್, ಎದುರು ಸಾಲಿನಲ್ಲಿ ಕೂತು ಎಲ್ಲರ ಕಣ್ಣು ತಪ್ಪಿಸಿ ಅವಳನ್ನೇ ನೋಡುತ್ತಿದ್ದ. ಹಸಿರು ಸೀರೆ ಬಂದಾಗ ಹುಬ್ಬು ಗಂಟಿಕ್ಕಿ ಬ್ಯಾಡ ಅಂದ. ಕೆಂಪು ಬಂದಾಗ ಕಣ್ಣಲ್ಲೇ ಹೂಂ ಅಂದ. ಬೇರೆ ದಿನವಾಗಿದ್ದರೆ ಅವಳು ನಾಚಿ ಸೆರಗು ಕಚ್ಚುತ್ತಿದ್ದಳು. ಇವತ್ತು ಅವನ ನೋಟ ತಾಗಿದ್ದೇ ತಡ, ಹೊಟ್ಟೆ ತೊಳಸಿತು, ಅಂಗೈ ಬೆವರಿತು, ಉಸಿರು ಸಾಲದಾಯಿತು.

ಯುಗಾದಿ ಆದಮೇಲೆ ಅವಳಿಗೆ ಸರಿಯಾಗಿ ನಿದ್ದೆಯೇ ಇಲ್ಲ. ಬೆಳಗಾದರೆ ಏನೋ ಕೆಟ್ಟದ್ದು ಕಾದಿದೆ ಅನ್ನಿಸುವುದು. ಏನು ಅಂತ ತನ್ನನ್ನೇ ಕೇಳಿಕೊಂಡರೆ ಮದುವೆಯ ಹೊರತು ಬೇರೇನೂ ಹೊಳೆಯದು. ಮನಸ್ಸು ಈ ಗಂಡನ್ನು ಒಲ್ಲೆ ಅಂತಿದೆ, ಅದಕ್ಕೇ ಈ ಹೆದರಿಕೆ, ಅಂತ ಪಾಪದ ಹುಡುಗಿ ನಂಬಿಬಿಟ್ಟಿದ್ದಳು. ಹಾಗಾದರೆ ಇಷ್ಟು ದಿನ ಅವನ ನೆನಪಲ್ಲೇ ಹಿಟ್ಟು ಕಲಸಿದ್ದು, ಅವನ ನೆನಪಲ್ಲೇ ಹಾಲು ಉಕ್ಕಿಸಿದ್ದು ಎಲ್ಲ ಸುಳ್ಳೇ? ಅದನ್ನು ನೆನೆದರೆ ಅಳು ಬರುತ್ತಿತ್ತು.

"ನಿನಗ ಯಾವದು ಮನಸಿಗೆ ಬಂತವ್ವಾ?" ಅಂತ ಅತ್ತೆಯಾಗುವವಳು ಕೇಳಿದಳು.

ಅಷ್ಟೂ ಮುಖಗಳು ಇವಳ ಕಡೆ ತಿರುಗಿದವು. ಶಿವಬಸಮ್ಮ ಎದ್ದಳು. ಹಾಸಿದ ಸೀರೆಗಳನ್ನು ತುಳಿದುಕೊಂಡೇ ಹೊರಗೆ ಓಡಿ, ರಸ್ತೆ ಬದಿಯ ಬೇವಿನ ಬುಡದಲ್ಲಿ ಕೂತು ವಾಂತಿ ಮಾಡಿಕೊಂಡಳು.

ಅವಳ ತಾಯಿ ವಿರೂಪಾಕ್ಷಮ್ಮ ಏಳಲು ಹೋದರೆ ಕೊಟ್ರಪ್ಪ ತಡೆದ. "ಬಿಸಲಿಗೆ ಆಗಿರಬೇಕ್ರಿ ಅತ್ತಿ. ನೀವು ಕೂಡ್ರಿ, ನಾ ನೋಡ್ತೀನಿ." ಹೆಂಗಸರು ಒಬ್ಬರನ್ನೊಬ್ಬರು ನೋಡಿ ಕಿಸಕ್ಕೆಂದರು.

ಅವನು ಸೋಡಾ ತಂದುಕೊಟ್ಟ. ಅವಳ ಕೈಯಲ್ಲಿ ಬಾಟ್ಲಿ ನಿಲ್ಲಲಿಲ್ಲ. ಹಿಡಿಯಲು ಹೋದ ಅವನ ಬೆರಳು ತಾಗಿದ್ದಕ್ಕೆ ಬೆಚ್ಚಿ ಹಿಂದೆ ಸರಿದಳು. ಅದನ್ನು ಅವನು ನೋಡಿದ, ಮುಖ ಸಣ್ಣದಾಯಿತು.

"ಒಂದ್ ಮಾತು ಕೇಳ್ತೀನಿ, ಖರೇ ಹೇಳು. ನಾ ಬ್ಯಾಡೇನು ನಿನಗ?"

ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡು ನೆಲ ನೋಡಿದಳು.

"ಹೋದ ಸಲ ನಿಮ್ಮ ಮನಿಗೆ ಬಂದಾಗೂ ಹಿಂಗ ನಡುಗಿದಿ. ನಾ ಹುಲಿ ಅಲ್ಲ, ಕರಡಿ ಅಲ್ಲ, ಕಂಬ ಹತ್ತಾಂವ. ಅಂಜಿಸಿ ತಾಳಿ ಕಟ್ಟೂ ಆಸೆ ನನಗಿಲ್ಲ. ನೀ ಬ್ಯಾಡ ಅಂದ್ರ, ತಪ್ಪು ನನ್ನ ಮ್ಯಾಲೆ ಹಾಕ್ಕೊಂಡು ಇವತ್ತ ಜವಳಿ ನಿಂದ್ರಸ್ತೀನಿ."

ಈಗ ಏನು ಮಾಡಬೇಕು? ಸುಮ್ಮನಿದ್ದರೆ ಅವನು ಹೋಗಿಬಿಡುತ್ತಾನೆ. ಹೇಳಿದರೂ ಹೋಗುತ್ತಾನೆ. ನೀ ಗುಳಿಗಿ ನುಂಗಿದ ಸುದ್ದಿ ಹೊರಗ ಬಿದ್ರ ನಿನ್ನ ಮದಿವಿನೂ ಇಲ್ಲ, ನಿನ್ನ ತಂಗೀದೂ ಇಲ್ಲ, ಅಂತ ಅವ್ವ ಆಣೆ ಹಾಕಿಸಿಕೊಂಡಿದ್ದಳು. ಆದರೆ ಇವನು ಹೀಗೆ ತಪ್ಪು ತನ್ನ ತಲೆಗೆ ಕಟ್ಟಿಕೊಂಡು ಹೋಗುವುದನ್ನು ನೋಡುವುದು ಅವಳಿಂದಾಗಲಿಲ್ಲ.

"ಹೋದ ಮಳಿಗಾಲದಾಗ ನನಗ ಜಡ್ಡಾಗಿತ್ತು" ಅಂದಳು. "ಮೈಗಲ್ಲ, ಮನಸಿಗೆ. ಊಟ ಸೇರ್ತಿದ್ದಿಲ್ಲ, ಎದ್ದು ಕುಂದ್ರಾಕ ಆಗ್ತಿದ್ದಿಲ್ಲ. ಸುಮ್ಮಸುಮ್ಮನ ಅಳು, ಅಂಜಿಕಿ. ಬಳ್ಳಾರಿಯ ಮನಸಿನ ಡಾಕ್ಟರು ಗುಳಿಗಿ ಕೊಟ್ರು, ದಿನಾ ಮಲಗೂಮುಂದ ಒಂದು. ತಿಂಗಳೊಪ್ಪತ್ತಿನಾಗ ಆರಾಮ ಆದೆ."

ಕೊಟ್ರಪ್ಪ ಎದುರಿನ ಕಂಬದ ತಂತಿ ನೋಡತೊಡಗಿದ. ಅವಳಿಗೆ ಮುಗಿಯಿತು ಅನ್ನಿಸಿತು.

"ಜಲ್ಮ ಪೂರ್ತಿ ನುಂಗಬೇಕೇನು?" ಅಂತ ಕೇಳಿದ.

"ಗೊತ್ತಿಲ್ರಿ. ಮುಂದ ನೋಡಿ ಕಡಿಮಿ ಮಾಡ್ಕೋತ ಬಿಡಸ್ತೀನಿ ಅಂದಿದ್ರು ಡಾಕ್ಟರು. ಈಗ ಅವ್ವ ಬಿಡಿಸ್ಯಾಳ. ನನ್ನ ಬಾಯಿ ಆರತಿತ್ತು, ಕೊಡಗಟ್ಲೆ ನೀರು ಕುಡೀತಿದ್ದೆ. ಗುಳಿಗಿ ಭಾಳ ಹೀಟು, ಅರಿಶಿಣ ಹಚ್ಚೂದರೊಳಗ ಹೀಟು ಇಳೀಬೇಕು, ಹೆಂಗೂ ಆರಾಮ ಇದ್ದೀಯಲ್ಲ ಅಂತ ಟ್ರಂಕಿನಾಗ ಇಟ್ಟು, ತಂಪಿಗಂತ ಸಬ್ಜಾ ಬೀಜ, ಮಜ್ಜಿಗಿ ಕೊಡಾಕ ಹತ್ಯಾಳ."

"ಯಾವಾಗ ಬಿಡಿಸಿದ್ರು?"

"ಯುಗಾದಿ ಮರುದಿನ."

"ಈ ನಡುಕ ಯಾವಾಗಿಂದ?"

"ಅದೂ ಯುಗಾದಿ ಆದ..." ಅಂದವಳು ಅರ್ಧಕ್ಕೇ ತಡೆದಳು. ಆರಾಮ ಆತಂತ ನಿಮ್ಮಷ್ಟಕ್ಕ ನೀವು ಬಿಡಬ್ಯಾಡ್ರಿ, ಒಮ್ಮಿಂದೊಮ್ಮೆಲೆ ಬಿಟ್ರ ಮೈಯೂ ತಿರುಗಿ ಬೀಳ್ತೈತಿ, ಮನಸೂ ತಿರುಗಿ ಬೀಳ್ತೈತಿ, ಅಂತ ಡಾಕ್ಟರು ಹೇಳಿದ್ದು ಆಗ ನೆನಪಾಯಿತು. ಮದುವೆಯ ಗದ್ದಲದಲ್ಲಿ ತಾಯಿಗೂ ಮಗಳಿಗೂ ಆ ಮಾತು ಮರೆತೇ ಹೋಗಿತ್ತು.

"ಅಂದ್ರ ಇದು ನಿಮಗ ಅಂಜಿದ್ದಲ್ಲ" ಅಂದಳು. ಅಳುತ್ತಲೇ ಅವಸರ ಅವಸರವಾಗಿ, "ಮನಿಗೆ ಹೋಗಿ ಬಿಟ್ಟದ್ದೆಲ್ಲಾ ಕೂಡಿಸಿ ಒಮ್ಮೆ ನುಂಗಿಬಿಡ್ತೀನಿ. ಮದಿವಿ ಒಳಗ ಸರಿ ಆಗ್ತೈತಿ" ಅಂದಳು.

ಅವನು ಗಾಬರಿಯಾದ. "ಬ್ಯಾಡ. ನನ್ನಾಣೆ ಐತಿ, ಹಂಗ ಮಾಡಬ್ಯಾಡ. ನನಗ ಔಷಧ ಅಂದ್ರ ಏನೂ ತಿಳಿಯಂಗಿಲ್ಲ, ನಿನಗೂ ತಿಳಿಯಂಗಿಲ್ಲ. ಕೊಟ್ಟವರನ್ನ ಕೇಳೂಣು."

ಹಿಂದೆ ವಿರೂಪಾಕ್ಷಮ್ಮ ನಿಂತಿದ್ದಳು, ಯಾವಾಗ ಬಂದಳೋ. ಎಲ್ಲ ಕೇಳಿಸಿಕೊಂಡ ಮುಖ ಬಿಳಿಚಿಕೊಂಡಿತ್ತು. ಕೊಟ್ರಪ್ಪ ಮೆತ್ತಗೆ ಹೇಳಿದ, "ಅತ್ತಿ, ನಾಳೆ ಬಳ್ಳಾರಿಗೆ ಹೋಗೂಣ್ರಿ. ಜವಳಿ ಎಲ್ಲೂ ಓಡಿ ಹೋಗಂಗಿಲ್ಲ."

ಮರುದಿನ ಕೊಪ್ಪಳದಿಂದ ಬೆಳಗಿನ ರೈಲಿಗೆ ಮೂವರೂ ಹೊರಟರು. ಡಾಕ್ಟರು ತಾಯಿಯನ್ನು ಬೈಯುತ್ತಾರೆ ಅಂತ ಶಿವಬಸಮ್ಮ ಹೆದರಿದ್ದಳು, ಅವರು ಬೈಯಲಿಲ್ಲ. "ಅದು ಹೀಟಲ್ಲ ಅವ್ವಾ, ಬಾಯಿ ಆರಸೂದು ಈ ಗುಳಿಗಿ ಸ್ವಭಾವ. ತ್ರಾಸ ಆದ್ರ ನನ್ನ ಕಡೆ ಬರ್ರಿ, ನಾ ಬದಲಿ ನೋಡ್ತೀನಿ. ನೀವ ತೀರ್ಮಾನ ಮಾಡಬ್ಯಾಡ್ರಿ" ಅಂದರು. ಒಮ್ಮೆಲೇ ನುಂಗುವ ಮಾತು ಕೇಳಿ ಅವರ ದನಿ ಬಿಗಿಯಾಯಿತು. ಹಾಗೆ ನುಂಗಿದರೆ ಎದೆ ಬಡಿತವೇ ನಿಲ್ಲಬಹುದು, ತಪ್ಪಿದ ಗುಳಿಗೆ ತಪ್ಪಿತು, ಕಡಿಮೆ ಪ್ರಮಾಣದಿಂದ ಮತ್ತೆ ಶುರು ಮಾಡಬೇಕು, ಗುಣ ಕಾಣಲು ಎರಡು ಮೂರು ವಾರವಾದರೂ ಬೇಕು ಅಂತ ಬಿಡಿಸಿ ಹೇಳಿದರು.

"ಸಾಯೂ ವಿಚಾರ ಬರ್ತಾವೇನಮ್ಮಾ?" ಅಂತ ನೇರವಾಗಿಯೇ ಕೇಳಿದರು.

"ಸಾಯಬೇಕಂತಲ್ಲರಿ. ಓಡಿ ಹೋಗಬೇಕಂತ ಅನ್ನಿಸ್ತೈತಿ."

"ಸಾಯೂ ವಿಚಾರ ಬಂತು ಅಂದ್ರ ಮನ್ಯಾಗ ಹೇಳಿ ಅವತ್ತ ಇಲ್ಲಿಗೆ ಬರಬೇಕು, ಮುಹೂರ್ತ ಇದ್ರೂ ಬರಬೇಕು." ಅಷ್ಟು ಹೇಳಿ ಚೀಟಿ ಬರೆದುಕೊಟ್ಟರು.

ಮುಹೂರ್ತ ಮುಂದಿನ ವಾರವೇ ಇತ್ತು. ಸ್ಟೇಷನ್ನಿನ ಬೆಂಚಿನ ಮೇಲೆ ಕೂತಾಗ ಶಿವಬಸಮ್ಮನಿಗೆ ಅದೇ ಚಿಂತೆ. ಅವ್ವ ನೀರು ತರಲು ನಲ್ಲಿಯ ಕಡೆ ಹೋದಳು.

"ತಾರೀಖು ಮುಂದ ಹಾಕೂಣು" ಅಂದ ಕೊಟ್ರಪ್ಪ.

"ಜನ ಏನಂತಾರ?"

"ನನಗ ರಜಾ ಸಿಗಲಿಲ್ಲ ಅಂತೀನಿ. ಬ್ಯಾಸಿಗ್ಯಾಗ ಕರೆಂಟು ಎಷ್ಟು ಸಲ ಹೋಗ್ತೈತಿ ಅಂತ ಊರಿಗೆಲ್ಲಾ ಗೊತ್ತೈತಿ, ನಂಬ್ತಾರ." ಹೇಳಿ ಅಂಗೈ ತಿಕ್ಕಿಕೊಂಡ. "ಈಗ ಅಂಜಿಕಿ ನನಗ ಶುರು ಆಗೇತಿ."

"ಯಾಕ್ರಿ?"

ಅವನು ಹಳಿಯ ಕಡೆ ನೋಡುತ್ತಾ ಹೇಳಿದ. "ಹೆಣ್ಣು ನೋಡಾಕ ಬಂದ ದಿನ ನಿಮ್ಮವ್ವ ಮಾಡಿದ್ದ ಮಿರ್ಚಿ ಭಜಿ ತಿಂದು ಎಲ್ಲಾರ ಮುಂದ ಕಣ್ಣೀರು ಹಾಕಿದ್ದೆ. ನೀ ಬಾಗಿಲ ಮರಿಗೆ ನಿಂತು ನಕ್ಕಿದಿ. ಆ ನಗಿಗೇ ನಾ ಬಿದ್ದದ್ದು. ಈಗಿನ ಅಂಜಿಕಿ ಗುಳಿಗಿ ಬಿಟ್ಟಿದ್ದಕ್ಕ ಬಂದದ್ದು ಅಂದ್ರ, ಅವತ್ತಿನ ನಗಿ ಗುಳಿಗಿ ತಗೊಂಡಿದ್ದಕ್ಕ ಬಂದದ್ದೇನು? ಅದರಾಗ ನಂದೇನೂ ಇದ್ದಿಲ್ಲೇನು?"

ಕಂಬ ಹತ್ತುವ ಗಂಡಸಿನ ದನಿ ನಡುಗುತ್ತಿತ್ತು. ಶಿವಬಸಮ್ಮನ ಎದೆ ಇನ್ನೂ ಹೊಡೆದುಕೊಳ್ಳುತ್ತಲೇ ಇತ್ತು, ಬೆವರು ಆರಿರಲಿಲ್ಲ. ಆದರೂ ಎಷ್ಟೋ ದಿನದ ಮೇಲೆ ಮೊದಲ ಸಲ ಅವಳು ಅವನ ಮುಖವನ್ನು ತಪ್ಪಿಸದೆ ನೋಡಿದಳು. ನಡುಗುವ ಕೈಯನ್ನು ಅವನ ಕೈಯ ಪಕ್ಕಕ್ಕೆ, ತಾಗುವಷ್ಟು ಹತ್ತಿರ ಇಟ್ಟಳು.

"ಆ ಗುಳಿಗಿ ನಾ ಚಳಿಗಾಲ ಪೂರ್ತಿ ತಗೊಂಡೀನಿ" ಅಂದಳು. "ಅದ ಚಳಿಗಾಲದಾಗ ನಿಮಗಿಂತ ಮೊದಲು ಇನ್ನಿಬ್ಬರು ನೋಡಾಕ ಬಂದಿದ್ರು. ಅವರೂ ಅದ ಮಿರ್ಚಿ ತಿಂದು ಕಣ್ಣೀರು ಹಾಕಿದ್ರು. ನನಗ ನಗಿ ಬರಲಿಲ್ಲ."