ಹಿಂದುಮುಂದಾದ ಗಿಟಾರ್

"ಇದು ಸತ್ತ ಸಂಗೀತ," ಅಂದುಬಿಟ್ಟಳು ಮೋರ್ವೆನ್.

ಗ್ಲಾಸ್ಗೋದ ಆ ಪುಟ್ಟ ಎಡಿಟಿಂಗ್ ಕೋಣೆಯಲ್ಲಿ ಇದ್ದವರೇ ಮೂವರು. ಪರದೆಯ ಮೇಲೆ, ಧಾರಾವಾಹಿಯ ಮೊದಲ ಕಂತಿನಲ್ಲಿ, ಒಬ್ಬ ತಾಯಿ ಹನ್ನೆರಡು ವರ್ಷದ ಮೇಲೆ ಮರಳುತ್ತಿರುವ ಮಗಳಿಗಾಗಿ ದೋಣಿಕಟ್ಟೆಯಲ್ಲಿ ಕಾಯುತ್ತಿದ್ದಳು. ಹಿಂದೆ ತಾತ್ಕಾಲಿಕ ಸಂಗೀತ ಹರಿಯುತ್ತಿತ್ತು.

ಈ ಕಸುಬಿನ ರೀತಿಯೇ ಹಾಗೆ. ನಿಜವಾದ ಸಂಗೀತ ಸಿದ್ಧವಾಗುವ ತನಕ ಎಡಿಟರ್ ಎಲ್ಲಿಂದಲೋ ಏನನ್ನೋ ತಂದು ಅಂಟಿಸುತ್ತಾನೆ. ತಿಂಗಳುಗಟ್ಟಲೆ ಅದನ್ನೇ ಕೇಳಿದ ನಿರ್ದೇಶಕರಿಗೆ ಅದರ ಮೇಲೇ ಮೋಹ ಹುಟ್ಟುತ್ತದೆ. ಆಮೇಲೆ ಬರುವ ಸಂಗೀತಗಾರರ ಪಾಡು ದೇವರಿಗೇ ಪ್ರೀತಿ. ಈ ಸಲ ಹಾಗೆ ಬಂದವಳು ಮೋರ್ವೆನ್.

"ಸತ್ತದ್ದಾ?" ನಿರ್ದೇಶಕಿ ರೋನಾ ಕನ್ನಡಕ ಇಳಿಸಿದಳು. "ಮೂರು ತಿಂಗಳಿಂದ ಇದನ್ನ ಕೇಳಿ ಅಳ್ತಿದೀನಿ ಕಣಮ್ಮ."

"ನುಡಿಸಿದವರಿಗೆ ಮನಸ್ಸೇ ಇರ್ಲಿಲ್ಲ. ಕೇಳಿದ್ರೆ ಗೊತ್ತಾಗಲ್ವಾ?"

ಏನೋ ಹೇಳಲು ಬಾಯಿ ತೆರೆದಿದ್ದ ಎಡಿಟರ್ ಇನ್ನಿಸ್ ಹಾಗೇ ಮುಚ್ಚಿದ. ಅವನ ಕಿವಿ ಕೆಂಪಗಾಯಿತು.

'ಓಹೋ... ಸಾಹೇಬರ ಆಯ್ಕೆಯನ್ನು ಬೈದೆನಲ್ಲ, ಉರಿ ಹತ್ತಿತು,' ಅಂದುಕೊಂಡಳು ಮೋರ್ವೆನ್.

"ಸರಿ," ಎಂದಳು ರೋನಾ. "ಮೂರು ವಾರ ಬಿಟ್ಟು ವಾದ್ಯದವರು ಬರ್ತಾರೆ. ಅವತ್ತು ಇದಕ್ಕಿಂತ ಚೆನ್ನಾಗಿರೋದು ಕೇಳಿಸ್ಬೇಕು. ಇಲ್ದಿದ್ರೆ ಮಿಕ್ಕ ಐದು ಕಂತಿಗೆ ಬೇರೆಯವರನ್ನ ನೋಡ್ಕೋತೀನಿ."

ಮೋರ್ವೆನ್ ತಲೆ ಎತ್ತಿಕೊಂಡೇ ಹೊರಬಂದಳು.

'ಮಂಡೇ ಹೆರಿಂಗ್' ಎಂಬ ರಾಕ್ ತಂಡದಲ್ಲಿ ಹನ್ನೊಂದು ವರ್ಷ ಗಿಟಾರ್ ನುಡಿಸಿದವಳು ಅವಳು. ತಂಡ ಒಡೆದು ಎರಡು ವರ್ಷವಾಗಿತ್ತು. ಸಿಕ್ಕವರೆಲ್ಲ "ಇನ್ನೂ ಗಿಟಾರ್ ಹಿಡೀತೀಯಾ?" ಎಂದು ಅನುಕಂಪದಿಂದ ಕೇಳುತ್ತಿದ್ದರು. ಈ ಧಾರಾವಾಹಿ ಕೈತಪ್ಪಿದರೆ ಸಾಯುವ ತನಕ 'ಆ ತಂಡದ ಹುಡುಗಿ'ಯೇ ಅವಳು. ತನ್ನದೇ ಹೆಸರು ಪರದೆಯ ಮೇಲೆ ಬರಬೇಕು... ಅಷ್ಟೇ ಅವಳಿಗೆ ಬೇಕಿದ್ದುದು.

ಬರೆದ ಸಂಗೀತವನ್ನೆಲ್ಲ ದಿನವೂ ಇನ್ನಿಸ್‌ಗೆ ಕಳಿಸಿದಳು. ಉತ್ತರ ಚುಟುಕಾಗಿ ಬರುತ್ತಿತ್ತು.

"ಒಂದು ನಿಮಿಷ ಎಂಟನೇ ಸೆಕೆಂಡಿಗೆ ತಾಯಿ ಉಸಿರು ಬಿಡ್ತಾಳೆ. ಅವಳಿಗೆ ಸ್ವಲ್ಪ ಜಾಗ ಬಿಡಿ."

"ನೀವೇ ಬರೀರಿ ಹಾಗಾದ್ರೆ," ಎಂದು ಸಿಡುಕುತ್ತಿದ್ದಳು. ಆದರೆ ಅವನು ಹೇಳಿದ್ದು ಸರಿ ಇರುತ್ತಿತ್ತು, ಅದೇ ಅವಳ ಸಂಕಟ. ಎರಡನೇ ವಾರದ ಹೊತ್ತಿಗೆ ಅವನ ಸಂದೇಶ ತಡವಾದರೆ ಫೋನನ್ನು ಮತ್ತೆ ಮತ್ತೆ ನೋಡತೊಡಗಿದಳು. ಯಾಕೆಂದು ಕೇಳಿಕೊಳ್ಳಲು ಧೈರ್ಯವಿರಲಿಲ್ಲ.

ಹದಿನಾಲ್ಕನೇ ದಿನ, ಒಂಬತ್ತನೇ ಪ್ರಯತ್ನವೂ ಹಾಳಾದಾಗ, ಆ ದರಿದ್ರ ತಾತ್ಕಾಲಿಕ ಸಂಗೀತವನ್ನು ಹೇಗೆ ಮಾಡಿದ್ದಾರೋ ನೋಡೇಬಿಡೋಣ ಎಂದು ಕಂಪ್ಯೂಟರಿನಲ್ಲಿ ಹಿಡಿದೆಳೆದಳು. ನಿಧಾನವಿದ್ದುದನ್ನು ವೇಗ ಮಾಡಿದಳು. ಕೊನೆಗೆ ಸಿಟ್ಟಿನಲ್ಲಿ ಉಲ್ಟಾ ತಿರುಗಿಸಿದಳು.

ಒಂದು ಸಣ್ಣ ಕೆಮ್ಮು ಕೇಳಿಸಿತು. "ಮೂರು, ನಾಲ್ಕು" ಎಂಬ ಹೆಣ್ಣುದನಿ. ಆಮೇಲೆ ಗಿಟಾರ್.

ಕೆಮ್ಮು ಅವಳದೇ, ದನಿ ಅವಳದೇ. ಗಿಟಾರೂ ಅವಳದೇ! ತಂಡದ ಕಾರ್ಯಕ್ರಮಗಳಲ್ಲಿ ಮಾತ್ರ ಮಾರಿದ್ದ ಕ್ಯಾಸೆಟ್ ಅದು, ಮಾಡಿಸಿದ್ದು ನಲವತ್ತೇ ಪ್ರತಿ.

'ಎರಡು ವಾರದಿಂದ ನನ್ನನ್ನು ಆಟ ಆಡಿಸಿದನಲ್ಲ...' ಕಣ್ಣು ತುಂಬಿತು. ಸುರಂಗ ರೈಲು ಹತ್ತಿ ನೇರ ಅವನ ಕೋಣೆಗೇ ಹೋದಳು. ಇನ್ನಿಸ್ ಮೊಟ್ಟೆ ತುಂಬಿದ ಬನ್ನನ್ನು ಬಾಯಿಗಿಡುತ್ತಿದ್ದ.

"ಮಜಾ ಬಂತಾ? ನನ್ನ ಸಂಗೀತಾನ ನನ್ನ ಬಾಯಿಂದಾನೇ ಬೈಸಿದ್ರಲ್ಲ."

ಅವನು ಬನ್ನು ಕೆಳಗಿಟ್ಟ. "ಹೇಳೋಕೇ ಅವತ್ತು ನಿಮ್ಮನ್ನ ಕರೆಸಿದ್ದು. 'ರೋನಾ, ನಿಮ್ಮನ್ನ ಅಳಿಸ್ತಿರೋರು ಇವ್ರೇ' ಅಂತ ಹೇಳ್ಬೇಕು ಅಂತ ಕನ್ನಡಿ ಮುಂದೆ ನಿಂತು ಕಲ್ತಿದ್ದೆ. ಅಷ್ಟರಲ್ಲಿ ನೀವು ಮನಸ್ಸೇ ಇಲ್ಲ ಅಂದ್ಬಿಟ್ರಿ. ಆಮೇಲೆ ಹೇಳಿದ್ರೆ ನಿಮ್ಮ ಮರ್ಯಾದೆ? ತಾನು ನುಡಿಸಿದ್ದೇ ಗೊತ್ತಾಗದವಳು ಅಂತ ರೋನಾ ಊರೆಲ್ಲ ಹೇಳ್ತಿದ್ರು."

"ಅದಕ್ಕೆ ಸುಮ್ನೆ ಬೈಸ್ಕೊಂಡ್ರಾ?"

"ಚೆನ್ನಾಗೇ ಬೈತೀರ."

ಅವಳಿಗೆ ನಗು ಬಂತು, ತಡೆದಳು. "ಕ್ಯಾಸೆಟ್ ಎಲ್ಲಿ ಸಿಕ್ತು?"

"ಪೈಸ್ಲಿ ಊರಿನ ಪಬ್ಬಲ್ಲಿ, ನಿಮ್ಮ ತಂಡದ ಕಾರ್ಯಕ್ರಮದಲ್ಲಿ. ಹದಿನಾಲ್ಕು ಜನ ಇದ್ವಿ, ಅದರಲ್ಲಿಬ್ರು ಡಾರ್ಟ್ಸ್ ಆಡ್ತಿದ್ರು. ಆದ್ರೂ ನೀವು ಸಾವಿರ ಜನ ಇರೋ ಹಾಗೆ ನುಡಿಸಿದ್ರಿ. ಮರೆಯೋಕೆ ಆಗ್ಲಿಲ್ಲ."

ಮೋರ್ವೆನ್ ಕುರ್ಚಿ ಎಳೆದು ಕುಳಿತಳು. ಆ ರಾತ್ರಿ ವ್ಯಾನಿನಲ್ಲಿ ತಾನು ಅತ್ತದ್ದು ನೆನಪಾಯಿತು. ಯಾರೂ ಕೇಳಲಿಲ್ಲವೆಂದು ಅತ್ತಿದ್ದಳು.

"ಉಲ್ಟಾ ಯಾಕೆ ಮಾಡಿದ್ರಿ?" ದನಿ ಮೆತ್ತಗಾಗಿತ್ತು.

"ಆ ತಾಯಿ ಹಿಂದಕ್ಕೇ ನೋಡ್ತಾ ನಿಂತಿದಾಳಲ್ಲ..."

"ಮಗಳು ಕಟ್ಟೆಗೆ ಕಾಲಿಟ್ಟ ಮೇಲೆ ಮುಂದಕ್ಕೆ ನೋಡಲ್ವಾ?"

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಅವಳು ಆಗಲೇ ಎದ್ದಿದ್ದಳು.

ವಾರದ ನಂತರ ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ಇಪ್ಪತ್ತೆರಡು ತಂತಿವಾದ್ಯಗಳು ಅವಳ ಹಳೆಯ ರಾಗವನ್ನು ಕೊನೆಯಿಂದ ಮೊದಲಿಗೆ ನುಡಿಸಿದವು. ಒಂದು ನಿಮಿಷ ಎಂಟನೇ ಸೆಕೆಂಡಿಗೆ ಎಲ್ಲವೂ ನಿಂತವು. ತಾಯಿ ಉಸಿರು ಬಿಟ್ಟಳು, ಮಗಳು ಕಟ್ಟೆಗೆ ಕಾಲಿಟ್ಟಳು. ಆಗ ಮೋರ್ವೆನ್ ತನ್ನ ಗೀರುಬಿದ್ದ ಗಿಟಾರಿನಲ್ಲಿ ಅದೇ ರಾಗವನ್ನು ನೇರವಾಗಿ ನುಡಿಸಿದಳು.

ರೋನಾ ಮೂಗೊರೆಸಿಕೊಂಡಳು. "ಹಳೇದಕ್ಕಿಂತ ಚೆನ್ನಾಗಿದೆ. ಆದ್ರೆ ಹಳೇದೂ ಇದ್ರೊಳಗೆ ಇದ್ಯಲ್ಲ, ಹೇಗೆ?"

ಗಾಜಿನಾಚೆ ಇನ್ನಿಸ್ 'ಬೇಡ' ಎಂದು ತಲೆಯಾಡಿಸಿದ. ಮೋರ್ವೆನ್ ಎದ್ದು ನಿಂತಳು.

"ಅವತ್ತು ಬೈದಿದ್ದು ನನ್ನ ಸಂಗೀತಾನೇ. ನನಗೇ ಗೊತ್ತಾಗ್ಲಿಲ್ಲ. ಗೊತ್ತಿದ್ದೋನು ಇನ್ನಿಸ್ ಒಬ್ನೇ. ನನ್ನ ಮಾನ ಕಾಯೋಕೆ ಬಾಯಿ ಮುಚ್ಕೊಂಡಿದ್ದ."

ಆಮೇಲೆ ಇಪ್ಪತ್ತೆರಡು ಜನರೂ ಕಮಾನುಗಳಿಂದ ತಮ್ಮೆದುರಿನ ಸ್ವರಲಿಪಿಯ ಸ್ಟ್ಯಾಂಡು ತಟ್ಟಿದರು. ವಾದ್ಯದವರ ಚಪ್ಪಾಳೆ ಅದು, ಸುಮ್ಮಸುಮ್ಮನೆ ಯಾರಿಗೂ ಸಿಗುವುದಿಲ್ಲ. ಮೋರ್ವೆನ್‌ಗೆ ತನ್ನ ಬಗ್ಗೆ ಅಷ್ಟು ಹೆಮ್ಮೆ ಯಾವತ್ತೂ ಆಗಿರಲಿಲ್ಲ.

"ಮಿಕ್ಕ ಐದೂ ನಿಂದೇ ಕಣಮ್ಮ," ಎಂದಳು ರೋನಾ.

ಮರುದಿನ ಎಡಿಟಿಂಗ್ ಕೋಣೆಯ ಪರದೆಯ ಮೇಲೆ ಅಕ್ಷರಗಳು ಮೂಡಿದವು. 'ಸಂಗೀತ: ಮೋರ್ವೆನ್ ಟಲಕ್'. ಅವಳು ಬೆರಳು ಮಡಚಿ ಎಣಿಸಿದಳು.

"ಎಲ್ಲರ ಹೆಸರೂ ಮೂರು ಸೆಕೆಂಡ್ ಇದೆ. ನಂದು ನಾಲ್ಕು."

"ಕೈ ತಪ್ಪಿರ್ಬೇಕು."

"ನಿಮ್ಮ ಕೈ ತಪ್ಪಲ್ಲ."

ಇನ್ನಿಸ್‌ನ ಕಿವಿ ಮತ್ತೆ ಕೆಂಪಾಯಿತು. ಈ ಸಲ ಅದರ ಅರ್ಥ ಅವಳಿಗೆ ತಿಳಿದಿತ್ತು. ಅವನ ಕೈಮೇಲೆ ಕೈಯಿಟ್ಟಳು.

"ಆ ಕ್ಯಾಸೆಟ್ ವಾಪಸ್ ಕೊಡ್ತೀರಾ? ನನ್ನತ್ರ ಒಂದೂ ಉಳಿದಿಲ್ಲ."

"ಕೊಡಲ್ಲ. ಬೇಕಾದ್ರೆ ನಮ್ಮನೆಗೆ ಬಂದು ಕೇಳಿ. ದಿನಾ ಬಂದ್ರೂ ಸರಿ... ನಿಮ್ಮನ್ನ ಪ್ರೀತಿಸ್ತೀನಿ, ಮೋರ್ವೆನ್. ಪೈಸ್ಲಿಯ ಆ ರಾತ್ರಿಯಿಂದ."

"ಮೊದ್ಲು ಈ 'ನಿಮ್ಮನ್ನ' ಬಿಡು," ಎಂದಳು ಅವಳು, ಅವನ ಭುಜಕ್ಕೆ ತಲೆಯಿಟ್ಟು. "ಇವತ್ತೇ ಬರ್ತೀನಿ. ಮೊದಲಿಂದ ಹಾಕು, ಸರಿಯಾಗಿ ಕೇಳ್ತೀನಿ."