ಖಾಲಿ ದೊಡ್ಡಿಯ ಬೆಚ್ಚಗಿನ ಕಂಬ

ನಮ್ಮ ಐಸ್‌ಲ್ಯಾಂಡಿನಲ್ಲಿ ಒಂದು ಕುರಿಗೆ ಮದ್ದಿಲ್ಲದ ಕೆರೆತದ ರೋಗ ಬಂದರೂ ಇಡೀ ಮಂದೆಯನ್ನು ಕೊಲ್ಲುತ್ತಾರೆ. ಥೋರ್ಗಿಲ್ ಮಾವನ ಮಂದೆಯೂ ಹಾಗೆಯೇ ಹೋಯಿತು. ರೋಗ ಅಂಟಿರಬಹುದೆಂದು ಹಳೇ ದೊಡ್ಡಿಯ ಮರವನ್ನೆಲ್ಲ ಸುಟ್ಟು, ಹೊಸ ದೊಡ್ಡಿ ಕಟ್ಟಿ, ವರ್ಷಗಟ್ಟಲೆ ಕಾದು, ಕೊನೆಗೆ ಹೊಸ ಕುರಿ ತರುವವರಿದ್ದೆವು.

ಅವು ಬರುವ ಹಿಂದಿನ ದಿನ ಮಧ್ಯಾಹ್ನ ಖಾಲಿ ದೊಡ್ಡಿಯೊಳಗೆ ಕಂಬಕ್ಕೆ ಮೈಯುಜ್ಜುವ ಸದ್ದು ಕೇಳಿಸಿತು.

“ಹೀರೋ, ನಿನ್ನ ಆಟ ಸಾಕು, ಹೊರಗೆ ಬಾ,” ಎಂದು ಮಾವ ನಾಯಿಯನ್ನು ಕೂಗಿದ.

“ಹೀರೋ ನಿನ್ ಹಿಂದೇನೇ ಇದಾನೆ ಮಾವ,” ಎಂದೆ.

ಒಳಗೆ ಏನೂ ಇರಲಿಲ್ಲ. ಕಂಬ ಮಾತ್ರ ಬೆಚ್ಚಗಿತ್ತು.

“ಪಕ್ಕದ್ಮನೆ ಕುರಿ ನುಗ್ಗಿ ಹೋಗಿರ್ಬೇಕು. ಹೇನು ಹತ್ತಿದ್ರೂ ಮೈ ಉಜ್ಕೊಳ್ತವೆ,” ಎಂದ ಮಾವ.

“ಟೆಸ್ಟ್ ಮಾಡೇ ಬಿಡೋಣ,” ಎಂದೆ. ಬೆನ್ನು ಕೆರೆದಾಗ ಕುರಿ ತುಟಿ ಚಪ್ಪರಿಸಿದರೆ ಅದು ಹೇನಲ್ಲ, ರೋಗವೇ ಎನ್ನುತ್ತಾರೆ ನಮ್ಮಲ್ಲಿ. ತಮಾಷೆಗೆ ಕಂಬದ ಪಕ್ಕ ಗಾಳಿಯನ್ನೇ ಕೆರೆದೆ. ಮೊಣಕಾಲಿನ ಹತ್ತಿರ ಚಪಚಪ ಸದ್ದಾಯಿತು. ಕೈ ನಿಲ್ಲಿಸಿದೆ, ಸದ್ದೂ ನಿಂತಿತು.

ಮಾವ ಫೋನ್ ತೆಗೆದು, ನಾಳೆ ಬರಬೇಕಿದ್ದ ಕುರಿ ಬೇಡವೆಂದ. ನನ್ನ ಬೆರಳಿಗೆ ಉಣ್ಣೆಯ ಜಿಡ್ಡು ಹತ್ತಿತ್ತು.