ಸದ್ದಿಲ್ಲದ ನಾಲ್ಕು ನಿಮಿಷ

"ನಿಲ್ಲಿಸ್ಬೇಡಿ!"

ಅವಳ ಕೂಗಿನ ಹಿಂದೆಯೇ ಚಿತ್ರ ನಿಂತು, ಚಿತ್ರಮಂದಿರದ ದೀಪಗಳೆಲ್ಲ ಹೊತ್ತಿಕೊಂಡವು. ಇದ್ದ ಏಳೆಂಟು ಜನ ತಿರುಗಿ ನೋಡಿದರು... ಕಣ್ಣೀರಲ್ಲಿ ತೊಯ್ದ ಅವಳ ಮುಖವನ್ನು!

"ಸೌಂಡ್ ಹೋಗಿದೆ," ಮೇಲಿನ ಕಿಂಡಿಯಿಂದ ಆಪರೇಟರ್ ಹೇಳಿದ.

"ಸುಳ್ಳು! ಆ ಜಾಗದಲ್ಲಿ ಸದ್ದೇ ಇಲ್ಲ. ಮೂರು ದಿನದಿಂದ ನೀವೇ ಹಾಕ್ತಿದ್ದೀರಿ. ನನ್ನ ಅಳು ಊರಿಗೆಲ್ಲ ತೋರಿಸ್ಬೇಕಿತ್ತಾ?"

ಚಿತ್ರದಲ್ಲಿ, ಮಗಳನ್ನು ಕಳೆದುಕೊಂಡ ತಾಯಿ ಮುಚ್ಚಿದ ಕೋಣೆಯೆದುರು ನಾಲ್ಕು ನಿಮಿಷ ಸುಮ್ಮನೆ ಕೂರುತ್ತಾಳೆ. ಎರಡು ದಿನ ಅಲ್ಲಿಗೇ ಎದ್ದು ಓಡಿದ್ದ ಇವಳು, ಇವತ್ತು ಹಲ್ಲುಕಚ್ಚಿ ಕೂತಿದ್ದಳು.

ಇವಳು ದರ್ಜಿ ಅಂಗಡಿಯಲ್ಲಿ ಗುಂಡಿಗಳಿಗೆ ಕಾಜ ಹೊಲಿಯುವವಳು. ಅಕ್ಕ ಅಪಘಾತದಲ್ಲಿ ತೀರಿಕೊಂಡು ವರ್ಷವಾದರೂ ಅವಳ ಕೋಣೆಯ ಬೀಗ ತೆಗೆದಿರಲಿಲ್ಲ. ದಿನಾ ಬೆಳಗ್ಗೆ ಇವಳ ಕಿವಿಗೆ ಒಳಗಿಂದ ಅಕ್ಕನ ಹೊಲಿಗೆ ಯಂತ್ರದ ಟಕಟಕ ಕೇಳುತ್ತಿತ್ತು!

'ಆ ತಾಯಿ ಬಾಗಿಲು ತೆಗೆಯೋದನ್ನ ನೋಡಿದ್ರೆ... ನಾನೂ ತೆಗೀತೀನಿ.'

ಅವಳು ಹೊರಟಾಗ ಗೇಟಿನ ಅಜ್ಜ ಅಂದ, "ದುಡ್ಡು ಕೊಟ್ಟು ಅಳೋಳು ನೀನೊಬ್ಬಳೇ ತಾಯಿ. ಮನೇಲಿ ಪುಕ್ಕಟೆ ಆಗ್ತಿರ್ಲಿಲ್ವಾ?"

ಹಿಂದೆಯೇ ಆಪರೇಟರ್ ಮೆಟ್ಟಿಲಿಳಿದು ಬಂದ.

"ತಪ್ಪಾಯ್ತು. ಸೌಂಡ್ ಹೋಗಿರ್ಲಿಲ್ಲ. ಎರಡು ದಿನ ಆ ಹೊತ್ತಿಗೆ ನೀರು ಕುಡಿಯೋ ನೆಪ ಮಾಡ್ಕೊಂಡು ಆಚೆ ಹೋಗಿದ್ದೆ. ಇವತ್ತು ಕೂತೆ... ಆಗ್ಲಿಲ್ಲ, ನಿಲ್ಲಿಸ್ಬಿಟ್ಟೆ."

"ಯಾಕೆ?"

"ಬೈಕಲ್ಲಿ ಹಿಂದೆ ನನ್ನ ತಮ್ಮ ಇದ್ದ. ಬಿದ್ಮೇಲೆ ಕೂಗಿದೆ, ಕೂಗಿದೆ... ಅವನು ಓಗೊಡಲೇ ಇಲ್ಲ. ಹೀಗೇ ಇತ್ತು, ಈ ಮೌನ."

ಅವಳ ಸಿಟ್ಟು ಬೆಣ್ಣೆಯಂತೆ ಕರಗಿತು. ಒಂದೇ ಬಾವಿಗೆ ಬಿದ್ದ ಇಬ್ಬರನ್ನು ದೇವರು ಒಂದೇ ಹಗ್ಗಕ್ಕೆ ಕೈಚಾಚುವಂತೆ ಮಾಡುತ್ತಾನಂತೆ.

ಮರುದಿನ ಮೊದಲ ಆಟಕ್ಕೂ ಮುಂಚೆ ಆಪರೇಟರ್ ಅವಳಿಗಾಗಿಯೇ ಚಿತ್ರ ಹಾಕಿದ. ಆ ಜಾಗ ಬರುವ ಹೊತ್ತಿಗೆ ಕೆಳಗಿಳಿದು, ಒಂದು ಕುರ್ಚಿ ಬಿಟ್ಟು ಕೂತ. ಮೌನ ಶುರುವಾಯಿತು. ಖಾಲಿ ಕುರ್ಚಿಯ ಮೇಲೆ ಅವಳು ಅಂಗೈ ಚಾಚಿಟ್ಟಳು. ಅವನು ಹಿಡಿದುಕೊಂಡ.

ಪರದೆಯ ಮೇಲೆ ಬಾಗಿಲು ತೆರೆಯಿತು.

"ನನ್ನ ಜೊತೆ ಬರ್ತೀರಾ?" ಅವಳು ಕೇಳಿದಳು.

"ನೀವು ಕರೀಲಿ ಅಂತಾನೇ ಕಾಯ್ತಿದ್ದೆ. ಇನ್ಮೇಲೆ ಎಲ್ಲಿಗೆ ಕರೆದ್ರೂ ಬರ್ತೀನಿ."

ಅವಳ ಮನೆಯಲ್ಲಿ ಬೀಗ ಕಿರುಗುಟ್ಟಿತು. ಕತ್ತಲ ಕೋಣೆ. ಯಂತ್ರದ ಮೇಲೆ ದಟ್ಟ ಧೂಳು, ಸೂಜಿಯಡಿ ಅರ್ಧ ಹೊಲಿದ ರವಿಕೆ. ಅವಳು ಕಿವಿಗೊಟ್ಟಳು. ಟಕಟಕ ಇರಲಿಲ್ಲ.

"ಅಕ್ಕ... ಹೋಗ್ಬಿಟ್ಲು," ಎಂದು ಬಿಕ್ಕಿದಳು. ವರ್ಷದಲ್ಲಿ ಮೊದಲ ಸಲ ಆ ಮಾತು ಆಡಿದ್ದಳು.

ಸ್ವಿಚ್ಚಿನ ಹತ್ತಿರ ಹೋದ ಅವನ ಕೈ ತಡೆದು ನಿಂತಿತು.

"ದೀಪ... ಹಾಕ್ಲಾ?"

"ಹಾಕಿ," ಅಳುತ್ತಲೇ ನಕ್ಕಳು ಅವಳು. "ಈಗ ನೋಡೋರು ನೀವೊಬ್ರೇ ತಾನೇ!"